ನೇಮಿರಾಜ ಮಾಸ್ಟ್ರ ಪಿಕಳಾರದ ಪಾಠ

ವೇಣೂರು, ವಾಮದಪದವು ಆಸುಪಾಸಿನ ಶಾಲೆಗಳಲ್ಲಿ ಮೂವತ್ತಮೂರು ವರ್ಷ ಅಧ್ಯಾಪನ ನಡೆಸಿ ಈ ೧೯೬೮ರ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಶ್ರೀ ನೇಮಿರಾಜ ಅಧಿಕಾರಿಯವರಷ್ಟು ಗಣಿತ ಬಲ್ಲವರು ತಾಲೂಕಿನಲ್ಲಿ ಬೇರೆಯೂ ಇದ್ದಾರು. ಆದರೆ ಓತಿಕ್ಯಾತಕ್ಕೆ ಕಲ್ಲೆತ್ತಿದ ಹುಡುಗನ ಕೈಯನ್ನು ಗದರದೆಯೇ ಇಳಿಸಬಲ್ಲವರು ಅವರೊಬ್ಬರೇ. ಎತ್ತಿನ ಹೆಗಲ ಹುಣ್ಣಿಗೆ ಎಣ್ಣೆ ಹಚ್ಚುವುದನ್ನೂ, ಬೇಸಗೆಯಲ್ಲಿ ಹಕ್ಕಿಗಳಿಗೆ ನೀರಿಡುವುದನ್ನೂ ಅವರು ಮಗ್ಗಿಯಷ್ಟೇ ನಿಷ್ಠೆಯಿಂದ ಕಲಿಸಿದರು. ಕತ್ತಲಾದ ಮೇಲೆ ಅನ್ನ ಮುಟ್ಟದ ಈ ಜೈನ ಗೃಹಸ್ಥರಿಗೆ ದಯೆ ಮನೆಯಿಂದಲೇ ಬಂದದ್ದು. ಅದನ್ನು ಮಕ್ಕಳಿಗೆ ಕಲಿಸುವುದು ಎಷ್ಟು ಕಷ್ಟವೆಂಬುದು ಮಾತ್ರ ಶಾಲೆಯಲ್ಲಿ ತಿಳಿದದ್ದು.

೧೯೫೭ರ ಆರಂಭದಲ್ಲಿ ಅವರೊಂದು ಪದ್ಧತಿ ತಂದರು. ಒಂದು ಜೀವವನ್ನು ಉಳಿಸಿದ ಮಗುವಿನ ಹೆಸರನ್ನು ಶನಿವಾರ ಎಲ್ಲರೆದುರು ಸಾರುವುದು. ಮುಂದಿನ ವಾರವಿಡೀ ಶಾಲೆಯ ಗಂಟೆ ಬಾರಿಸುವ ಅಧಿಕಾರ ಆ ಮಗುವಿಗೆ. ಗಂಟೆಯೆಂದರೆ ಮಕ್ಕಳಿಗೆ ಪ್ರಾಣ. ಮೊದಮೊದಲು ಹೊಂಡಕ್ಕೆ ಬಿದ್ದ ಬೆಕ್ಕಿನ ಮರಿ, ಕಾಲು ಮುರಿದ ಕೋಳಿ ಬಂದವು. ಮಾರ್ಚಿನ ಹೊತ್ತಿಗೆ 'ಗೂಡಿನಿಂದ ಬಿದ್ದ' ಹಕ್ಕಿಮರಿಗಳ ಸುಗ್ಗಿಯೇ ಆಯಿತು. ಒಂದು ಶನಿವಾರ ಐದು ಮಕ್ಕಳು ಕರಟ ಹಿಡಿದು ನಿಂತಿದ್ದರು. ನಾಲ್ಕನೆಯ ತರಗತಿಯ ಪದ್ಮಾಕ್ಷಿಯ ಕರಟದಲ್ಲಿ ಎರಡು ಪಿಕಳಾರದ ಮರಿಗಳಿದ್ದವು; ಗಂಟೆ ಅವಳ ಪಾಲಾಯಿತು. ಮಾಸ್ಟ್ರು ಹಿಗ್ಗಿ ಹೀರೇಕಾಯಿಯಾದರು. ಎಲೆ ಅಲುಗದ ವಾರದಲ್ಲಿ ಇಷ್ಟು ಮರಿಗಳು ಬಿದ್ದದ್ದು ಹೇಗೆಂದು ಆ ಗಣಿತದ ತಲೆಗೂ ಹೊಳೆಯಲಿಲ್ಲ.

ಸೋಮವಾರ ಮರಿಗಳು ಸತ್ತವು. ಅಂದೇ ಮಧ್ಯಾಹ್ನ ಪಕ್ಕದ ಮನೆಯ ಖತೀಜಮ್ಮ ಶಾಲೆಯ ಜಗಲಿಗೆ ಬಂದರು.

"ಮಾಸ್ಟ್ರೇ, ನಮ್ಮ ಬೇಲಿಯ ಗೂಡಿನಲ್ಲಿ ಎರಡು ಮರಿ ಇತ್ತು. ಶುಕ್ರವಾರದಿಂದ ಇಲ್ಲ. ತಾಯಿ ಹಕ್ಕಿ ಹುಳ ಕಚ್ಚಿಕೊಂಡು ಬರ್ತದೆ, ನೋಡ್ತದೆ, ಹೋಗ್ತದೆ. ನಿಮ್ಮ ಹುಡುಗಿ ಅದನ್ನು ಉಳಿಸಿದ್ದಂತೆ, ಹೌದಾ?"

ಮಾಸ್ಟ್ರು ತರಗತಿಯತ್ತ ತಿರುಗಿದರು. ಪದ್ಮಾಕ್ಷಿ ಚೀಲ ಎತ್ತಿಕೊಂಡು ಓಡಿದಳು. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ತಾಯಿ ಸೇಸಮ್ಮ ಅವಳನ್ನು ಬೀಡಿ ಕಟ್ಟಲು ಕೂರಿಸಿದ್ದಾರೆಂಬ ಸುದ್ದಿ ಬಂತು. ಮರಿಗಳಂತೂ ಹೋದವು, ಈಗ ಮಗುವೂ ಶಾಲೆಗೆ ಎರವಾದರೆ ಮಾಸ್ಟ್ರೆನಿಸಿಕೊಳ್ಳುವುದು ಯಾವ ಮುಖದಿಂದ ಎಂಬ ಸಂಕಟದಲ್ಲಿ ಅವರಿಗೆ ಊಟ ರುಚಿಸಲಿಲ್ಲ. ಗುರುವಾರ ಶಾಲೆ ಬಿಟ್ಟೊಡನೆ ಅವಳ ಮನೆಗೆ ನಡೆದರು.

"ಇವಳಿಂದ ನಿಮ್ಮ ಮರ್ಯಾದೆ ಹೋಯಿತಲ್ಲ ಮಾಸ್ಟ್ರೇ. ಇನ್ನು ಇಲ್ಲೇ ಇರಲಿ," ಎಂದರು ಸೇಸಮ್ಮ.

"ಗಂಟೆಯ ಆಸೆಗೆ ತೆಗೆದೆ ಸರ್," ಎಂದು ಹುಡುಗಿ ಬಿಕ್ಕಿದಳು.

"ಆಸೆ ಹುಟ್ಟಿಸಿದ್ದು ನಾನಲ್ವಾ ಮಗಾ? ನಾಳೆ ಎಲ್ಲರೆದುರು ನಾನೇ ಹೇಳ್ತೇನೆ. ನೀನು ಬಂದು ಕೇಳಿದರೆ ಸಾಕು."

ಅವಳು ಬಂದಳು. ಖತೀಜಮ್ಮನನ್ನೂ ಕರೆಸಿ, ಇಡೀ ಶಾಲೆಯ ಮುಂದೆ ಮಾಸ್ಟ್ರು ಕೈಮುಗಿದು ತಪ್ಪು ತಮ್ಮದೆಂದರು. ಗಂಟೆಯನ್ನು ಜವಾನ ನೋಣಯ್ಯನಿಗೆ ಮರಳಿಸಿದರು. ಅಂದಿನಿಂದ ಬಹುಮಾನವಿಲ್ಲ, ಹೆಸರು ಸಾರುವುದಿಲ್ಲ. ಒಂದೊಂದು ಮಗು ಒಂದೊಂದು ಗೂಡನ್ನು ದೂರದಿಂದ ನೋಡಬೇಕು, ಮುಟ್ಟಬಾರದು, ಅಷ್ಟೇ. ಇಂದಿಗೂ ಆ ಶಾಲೆಯಲ್ಲಿ ಅದೇ ಕ್ರಮ.

ಅದೇ ವರ್ಷದ ಜೂನ್ ತಿಂಗಳ ಒಂದು ದಿನ ಪದ್ಮಾಕ್ಷಿ ತೊಯ್ದು ತೊಪ್ಪೆಯಾಗಿ ಹನ್ನೊಂದು ಗಂಟೆಗೆ ತರಗತಿಗೆ ಬಂದಳು. ಮಾಸ್ಟ್ರು ಹೊರಗೆ ಕರೆದು ಕಾರಣ ಕೇಳಿದರು.

"ಹಾರಲಿಕ್ಕೆ ಕಲಿಯುವ ಮರಿ ದಾರಿಗೆ ಬಿದ್ದಿತ್ತು ಸರ್. ನಾನು ಮುಟ್ಟಲಿಲ್ಲ. ಕಾಗೆ ಬಾರದ ಹಾಗೆ ದೂರ ನಿಂತೆ. ಕಡೆಗೆ ತಾಯಿ ಬಂದು ಪೊದೆಗೆ ಕರಕೊಂಡು ಹೋಯಿತು." ಲಂಗದ ನೀರು ಹಿಂಡುತ್ತಾ ಅಂದಳು: "ಯಾರಿಗೂ ಹೇಳಬೇಡಿ ಸರ್."

ತಾವು ಕಲಿಸಬೇಕೆಂದಿದ್ದ ಪಾಠ ಆ ಒಂದು ಮಾತಿನಲ್ಲಿತ್ತೆಂದು ಮಾಸ್ಟ್ರಿಗೆ ಕಣ್ಣು ತುಂಬಿತು. ಹನ್ನೊಂದು ವರ್ಷ ಅವರು ಯಾರಿಗೂ ಹೇಳಲಿಲ್ಲ. ಈ ಅಭಿನಂದನಾ ಸಂಪುಟಕ್ಕಾಗಿ ಹೇಳಿದ್ದು ಪದ್ಮಾಕ್ಷಿಯೇ. ಬರುವ ತಿಂಗಳಿನಿಂದ ಆಕೆ ಬೆಳ್ತಂಗಡಿಯ ಬಳಿ ಟೀಚರು. ಪೂಜ್ಯರು ಆಯುರಾರೋಗ್ಯದಿಂದ ನೂರು ಕಾಲ ಬಾಳಲಿ, ಮನೆಯಲ್ಲಿ ಸುಮ್ಮನೆ ಕೂರದಿರಲಿ. ಆಕೆಯ ಶಾಲೆಯ ಮಕ್ಕಳು ಗೂಡು ನೋಡುವ ಪಾಠಕ್ಕೆ ಅವರನ್ನು ಕಾಯಲಿದ್ದಾರೆ.