ಡಿಗ್ರಿಯ ಮುಂದೆ ಕೌದಿ

ನಮ್ಮ ಮನೆಯಲ್ಲಿ ಯಾವ ಚೌಕಟ್ಟಿಗೂ ಕೂಡದ ಎರಡು ಬಾಗಿಲುಗಳಿವೆ. ಬಂದವರೆಲ್ಲ ಹಾಗೆಂದೇ ತಿಳಿಯುತ್ತಾರೆ. ಅವು ಪ್ಯಾನೆಲ್ ಸ್ಪೀಕರುಗಳು. ವಿಜಯಪುರದಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕವು. ಇವುಗಳ ಒಳಗೊಂದು ತೆಳು ಹಾಳೆ ಅದುರುತ್ತದೆ. ಮುಂದಕ್ಕೆ ಎಷ್ಟು ಹಾಡುತ್ತದೋ ಹಿಂದಕ್ಕೂ ಅಷ್ಟೇ. ಅರ್ಧ ಹಾಡು ನಮಗೆ, ಅರ್ಧ ಗೋಡೆಗೆ. ಗೋಡೆಯೋ ಮಹಾ ಪ್ರಾಮಾಣಿಕ, ತನ್ನ ಪಾಲನ್ನೂ ವಾಪಸು ಕಳಿಸುತ್ತದೆ. ದೊಡ್ಡ ಸಭಾಂಗಣದಲ್ಲಿ ಅದು ತಡವಾಗಿ ಬಂದು ಇಂಪು ಕೊಡುತ್ತದಂತೆ. ಇಂಡಿ ಊರಿನ ನಮ್ಮ ಹತ್ತು ಬೈ ಹನ್ನೆರಡರ ಕೋಣೆಯಲ್ಲಿ ಮೂಲ ಹಾಡಿನ ಹೆಗಲ ಮೇಲೆಯೇ ಬಂದು ಬೀಳುತ್ತದೆ.

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವನು ನಾನು. ಹೀಗಾಗಿ ಮನೆಯ ಪ್ರತಿಯೊಂದು ದಡ್ಡ ಖರೀದಿಗೂ ವೈಜ್ಞಾನಿಕ ಕಾರಣ ಕೊಡುವ ಹೊಣೆ ನನ್ನದೇ. ಇದನ್ನು ಮಾತ್ರ ಅವ್ವನಿಗಾಗಿ ತಂದಿದ್ದೆ. ಕಿವಿ ಮಂದವಾದ ಮೇಲೆ ಅವಳಿಗೆ ಭಜನೆಯ ಪದಗಳಲ್ಲಿ ಧಾಟಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಹೊಸ ಸ್ಪೀಕರಿನಲ್ಲಿ ಮೊದಲ ಪದ ಮುಗಿದಾಗ ಅವ್ವ ಹೇಳಿದಳು: "ಹಾಡಾಂವ ಚಲೋ ಅದಾನ. ಅವನ ಹಿಂದ ಒಬ್ಬಾಂವ ಕುಂತು ಅಡ್ಡಬಾಯಿ ಹಾಕಾಕತ್ತಾನಲ್ಲ, ಅವನ್ನ ಎಬ್ಬಿಸಿ ಕಳಸು."

ನನ್ನ ಹೆಂಡತಿ ಮಹಾದೇವಿ ಮನಗೂಳಿಯವಳು, ತೀರ್ಪು ಬೇಗ ಕೊಡುತ್ತಾಳೆ. "ಅತ್ತ್ಯಾರಿಗೆ ಪದ ತಿಳಿದ್ರ ಇಡ್ರಿ. ಇಲ್ಲಾಂದ್ರ ಬಚ್ಚಲಕ್ಕ ಬಾಗಲಾ ಇಲ್ಲ, ಅಲ್ಲಿ ಹಚ್ಚಿಬಿಡ್ರಿ."

ನಾನು ಇಂಟರ್‌ನೆಟ್ಟಿನಲ್ಲಿ ಓದಿದೆ. ಗೋಡೆಯಿಂದ ದೂರ ಸರಿಸಿ ಎಂದಿತ್ತು. ಸರಿಸಿದೆ, ಸ್ಪೀಕರುಗಳು ಕೋಣೆಯ ನಟ್ಟನಡುವೆ ಬಂದು ನಿಂತವು, ಚಹಾ ತರುವವರು ಗಾಣದೆತ್ತಿನಂತೆ ಸುತ್ತು ಹಾಕತೊಡಗಿದರು. ಹಿಂದೆ ಕುಂತಾತ ಕೊಂಚ ಹಿಂದೆ ಸರಿದ, ಎದ್ದು ಹೋಗಲಿಲ್ಲ. ಕೊನೆಗೆ ದನಿ ಹೇಗೆ ಮರಳುತ್ತದೆಂದು ನೋಡಲು ಗೋಡೆಯ ಮುಂದೆ ನಿಂತು ಚಪ್ಪಾಳೆ ತಟ್ಟಿದೆ. ಗಾಜು ಝಲ್ಲೆಂದಿತು.

ಆ ಗೋಡೆಯ ತುಂಬ ನಾನೇ ಇದ್ದೆ. ನನ್ನ ಡಿಗ್ರಿ, ಗೌನು ತೊಟ್ಟ ಫೋಟೊ, ಶಾಲು ಹೊದಿಸಿಕೊಂಡ ಸನ್ಮಾನದ ಫೋಟೊಗಳು, ಎಲ್ಲಕ್ಕೂ ಗಾಜಿನ ಕಟ್ಟು. ಅವ್ವ ಅಮಾವಾಸ್ಯೆಗೊಮ್ಮೆ ದೇವರ ಜಗಲಿಯ ಪೂಜೆ ಮುಗಿಸಿ, ಉಳಿದ ಕುಂಕುಮವನ್ನು ಡಿಗ್ರಿಯ ಗಾಜಿಗೆ ಹಚ್ಚುತ್ತಾಳೆ. ಅಂತೂ ಹಿಂದೆ ಕುಂತು ಅಡ್ಡಬಾಯಿ ಹಾಕುತ್ತಿದ್ದವನು ಯಾರೆಂದು ಗೊತ್ತಾಯಿತು.

ಇಳಿಸಲು ಸ್ಟೂಲು ಹತ್ತಿದೆ. ಅವ್ವ ಸ್ಟೂಲಿನ ಕಾಲು ಹಿಡಿದಳು. "ನನಗ ಪದ ಕೇಳದಿದ್ರ ನಡೀತೈತಿ. ಅದನ್ನ ಮುಟ್ಟಬ್ಯಾಡ."

ಇದಕ್ಕೆ ಇಂಟರ್‌ನೆಟ್ಟಿನಲ್ಲಿ ಪರಿಹಾರವಿರಲಿಲ್ಲ. ದುಬಾರಿ ಫೋಮು, ಕೆತ್ತಿದ ಮರದ ಹಲಗೆ ಇದ್ದವು, ಅವ್ವ ಇರಲಿಲ್ಲ. ಕೊನೆಗೆ ಗೋಡೆಯಿಂದ ಗೇಣು ಮುಂದಕ್ಕೆ ಹಗ್ಗ ಕಟ್ಟಿ, ಹಳೆಯ ಸೀರೆಗಳನ್ನು ಪದರಪದರವಾಗಿ ಇಟ್ಟು ಅವಳೇ ಹೊಲಿದ ಕೌದಿಯನ್ನು ಎರಡು ಮಡಿಕೆ ಮಾಡಿ ಇಳಿಬಿಟ್ಟೆ. ಪದ ಹಚ್ಚಿದೆ. ಎರಡನೆಯ ನುಡಿಗೆ ಅವ್ವ ಕಣ್ಣು ಮುಚ್ಚಿ, ಹಾಡುವವನ ಜತೆ ತುಟಿ ಆಡಿಸತೊಡಗಿದಳು. ಮಹಾದೇವಿ ಬಚ್ಚಲಿಗೆ ಪರದೆಯನ್ನೇ ಕಟ್ಟಿದಳು.

ಈಗ ಸಿಂದಗಿಯಿಂದ ಬೀಗರು ಬಂದರೂ, ಹಾಲಿನವಳು ಬಂದರೂ ಅವ್ವ ಎದ್ದು ಕೌದಿ ಸರಿಸಿ ಡಿಗ್ರಿ ತೋರಿಸುತ್ತಾಳೆ. ಕೂಡಲೇ ಹಾಡು ಕೆಡುತ್ತದೆ. ಪದ ತಿಳಿಯುವುದಿಲ್ಲವಲ್ಲ ಎಂದರೆ, "ಮಂದಿ ಹೋಗ್ಲಿ, ಮುಚ್ಚತೇನಿ," ಎನ್ನುತ್ತಾಳೆ.

ಮಂದಿ ಹೋಗುತ್ತಾರೆ. ಅವ್ವ ನನ್ನನ್ನು ಮುಚ್ಚಿ ಬಂದು ಕೂರುತ್ತಾಳೆ. ಪದ ಚೊಕ್ಕವಾಗಿ ಕೇಳುತ್ತದೆ.