ಕರೆಯದೆ ಎದ್ದು ಹಾಡುವ ಹಾಡು

ಹಾಡು ಹೇಳು ಅಂದರೆ ಮೊದಲ ಸಲಕ್ಕೇ ಬಾಯಿ ತೆರೆಯಬಾರದು. ಮೈಸೂರಿನಲ್ಲಿ ನಮ್ಮಮ್ಮ ನನಗೆ ಕಲಿಸಿದ ಸಂಗೀತದ ಮೊದಲ ಪಾಠ ಇದು, ಸರಳೆವರಸೆ ಎಲ್ಲಾ ಆಮೇಲೆ. ನವರಾತ್ರಿಯಲ್ಲಿ ಗೊಂಬೆ ನೋಡಲು ಹೋದಾಗ ಮನೆಯಾಕೆ "ಒಂದು ಹಾಡು ಹೇಳಮ್ಮ" ಅಂದರೆ "ಅಯ್ಯೋ, ನನಗೆಲ್ಲಿ ಬರುತ್ತೆ" ಅನ್ನಬೇಕು. ಎರಡನೇ ಸಲ ಕೇಳಿದರೆ ಗಂಟಲು ಸರಿಯಿಲ್ಲ ಅನ್ನಬೇಕು. ಮೂರನೇ ಸಲಕ್ಕೆ ಚಾಪೆಯ ಮೇಲೆ ಕೂರಬೇಕು. ಕರೆಯದೆ ಎದ್ದು ಹಾಡುವವಳಿಗೆ ಬಜಾರಿ ಅಂತ ಹೆಸರು. ಕೆನಡಾಕ್ಕೆ ಬಂದು ನಲವತ್ತು ವರ್ಷವಾಯಿತು. ಸೀರೆ ಬಿಟ್ಟೆ, ಈ ಬುದ್ಧಿ ಬಿಡಲಿಲ್ಲ. ಅದರಿಂದಲೇ ಒಬ್ಬ ಮುದುಕಿಯ ಕೊನೆಯ ಆಸೆಯನ್ನು ಕೈಯಾರೆ ಹಾಳು ಮಾಡಿದೆ.

ಆಕೆ ವುಡ್‌ಬ್ರಿಡ್ಜಿನಲ್ಲಿ ನಮ್ಮ ಪಕ್ಕದ ಮನೆಯವಳು. ಎಂಬತ್ತೊಂಬತ್ತು ವರ್ಷ, ವಾಕರ್ ಹಿಡಿದೇ ಓಡಾಟ, ನಾಲಿಗೆ ಮಾತ್ರ ಚೂಪು. ಮೊದಲು ಪರಿಚಯವಾದಾಗ "ನೀವು ಇಂಗ್ಲೆಂಡಿನವರಲ್ಲವಾ" ಅಂದುಬಿಟ್ಟೆ. ತಗೋ, ಸರಿಯಾಗಿ ಬೈಸಿಕೊಂಡೆ. ತಾನು ವೇಲ್ಸ್‌ನವಳು, ತನ್ನ ಭಾಷೆ ಇಂಗ್ಲಿಷಿಗಿಂತ ಹಳೆಯದು, ಸ್ಕೂಲಿಗೆ ಹೋಗುವ ತನಕ ಇಂಗ್ಲಿಷಿನ ಗಂಧವೇ ಇರಲಿಲ್ಲ ಅಂತ ನಿಲ್ಲಿಸಿಕೊಂಡು ಪಾಠ ಮಾಡಿದಳು. ನನ್ನನ್ನು ಜನ ಮದ್ರಾಸಿ ಅಂದಾಗ ನನಗೂ ಹೀಗೇ ಉರಿಯುತ್ತಿತ್ತಲ್ಲ, ಹಾಗಾಗಿ ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡೆ.

ಹೋದ ವರ್ಷ ಮಾರ್ಚ್ ಒಂದನೇ ತಾರೀಖು ಕೋಟಿಗೆ ಹಳದಿ ಡ್ಯಾಫೊಡಿಲ್ ಹೂವು ಸಿಕ್ಕಿಸಿಕೊಂಡು ನಮ್ಮ ಬಾಗಿಲು ತಟ್ಟಿದಳು. ಅವತ್ತು ಅವರ ನಾಡಿನ ಸಂತನ ದಿನ. ಕಾವಲಿಯ ಮೇಲೆ ಸುಟ್ಟ, ಒಣದ್ರಾಕ್ಷಿ ಹಾಕಿದ ಬಿಲ್ಲೆಗಳು ಡಬ್ಬಿಯಲ್ಲಿ ಬಿಸಿಯಾಗಿದ್ದವು. ಕರೆದುಕೊಂಡು ಹೋಗುತ್ತಿದ್ದ ಗೆಳತಿ ಡ್ರೈವಿಂಗ್ ಬಿಟ್ಟಿದ್ದಾಳೆ, ಟೊರೊಂಟೊದಲ್ಲಿರುವ ತಮ್ಮವರ ಪುಟ್ಟ ಚರ್ಚಿಗೆ ನೀನು ಬಿಡುತ್ತೀಯಾ ಅಂತ ಕೇಳಿದಳು. ಬಿಟ್ಟೆ. ನಾನೂ ಒಳಗೆ ಹೋಗಿ ಕೂತೆ. ಇಪ್ಪತ್ತು ಜನವೂ ಇರಲಿಲ್ಲ ಅಲ್ಲಿ, ಅರ್ಧಕ್ಕರ್ಧ ನರೆತಲೆ. ಆದರೆ ಎದ್ದು ನಿಂತು ಹಾಡಿದರು ನೋಡಿ, ಕಿಟಕಿಯ ಗಾಜು ಅದುರಿತು. ನಾನು ಸುಮ್ಮಸುಮ್ಮನೆ ಅತ್ತೆ.

ವಾಪಸ್ಸು ಬರುವಾಗ ಕಾರಿನಲ್ಲಿ ತನ್ನ ಆಸೆ ಹೇಳಿದಳು. ಡಿಸೆಂಬರಿನಲ್ಲಿ, ಬೆಳಕು ಹರಿಯುವ ಮುಂಚೆ, ಅವರಲ್ಲಿ ಕ್ರಿಸ್ಮಸ್ ಹಾಡಿನ ಒಂದು ಪದ್ಧತಿ ಇದೆಯಂತೆ. ಒಂದೊಂದು ಮನೆತನಕ್ಕೂ ತನ್ನದೇ ಹಾಡು, ಇನ್ನೊಬ್ಬರು ಅದನ್ನು ಮುಟ್ಟುವುದಿಲ್ಲ. ಇವಳ ಮನೆಯ ಹಾಡಿಗೆ ಎರಡು ದನಿ. ಮೇಲಿನದು ಇವಳು, ಕೆಳಗಿನದು ಅವಳ ತಂಗಿ. ತಂಗಿ ತೀರಿಹೋದ ಮೇಲೆ ಹಾಡು ಹಾಗೇ ಕೂತಿದೆ. ವ್ಯಾಂಕೂವರಿನಲ್ಲಿರುವ ಮಗನಿಗೆ ಭಾಷೆಯೇ ಬರುವುದಿಲ್ಲ. "ಸಾಯುವ ಮುಂಚೆ ಒಂದು ಸಲ ಅದನ್ನು ಇವತ್ತು ಹೋದ ಚರ್ಚಿನಲ್ಲಿ ಹಾಡಬೇಕು. ನಿನಗೆ ಗಂಟಲಿದೆ. ನೀನು ಪಾತ್ರೆ ತೊಳೆಯುವಾಗ ಬೇಲಿಯಾಚೆಯಿಂದ ಕೇಳಿದ್ದೀನಿ," ಅಂದಳು. ನನಗೆಲ್ಲಿ ಬರುತ್ತೆ ಅಂದೆ, ಅಭ್ಯಾಸಬಲ. ಅವಳು ಎರಡನೇ ಸಲ ಕೇಳಲಿಲ್ಲ. ಮನೆ ತಲುಪುವ ಹೊತ್ತಿಗೆ ನಾನೇ ನಾಚಿಕೆ ಬಿಟ್ಟು ಹೂಂ ಅಂದೆ.

ಶುರುವಾಯಿತು ನನ್ನ ಪಾಡು. ನಮ್ಮಲ್ಲಿ ನೂರು ಜನ ಹಾಡಿದರೂ ದಾರಿ ಒಂದೇ. ಇವಳು ಒಂದು ದಾರಿಯಲ್ಲಿ ಹೋಗುತ್ತಾಳೆ, ನಾನು ಅದರ ಕೆಳಗೆ ಇನ್ನೊಂದರಲ್ಲಿ ನಡೆಯಬೇಕು. ಎರಡು ಸಾಲು ಆಗುವಷ್ಟರಲ್ಲಿ ನಾನು ಜಾರಿ ಅವಳ ದನಿಗೆ ಹೋಗಿ ಅಂಟಿಕೊಳ್ಳುತ್ತಿದ್ದೆ. ಅವಳು ಚಮಚದಿಂದ ಟೇಬಲ್ ಕುಟ್ಟುವಳು. "ಅದು ನನ್ನ ಜಾಗ. ನಿನ್ನ ಜಾಗದಲ್ಲಿ ನೀನಿರು." ಹಾಡಿನ ಮಾತುಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಬ್ರ್ಯಾಂಪ್ಟನ್ನಿನಿಂದ ಬಂದ ನನ್ನ ಮಗಳು ಓದಲು ನೋಡಿ "ಅಮ್ಮಾ, ಸೀರಿಯಸ್ಲಿ?" ಅಂದಳು. ಅವಳಿಗೆ ಕನ್ನಡವೇ ಕೂಡಿಸಿ ಓದುವಷ್ಟು, ಇದು ಯಾವ ಭಾಷೆ ಅಂತಲೂ ಗೊತ್ತಾಗಿರಲಿಕ್ಕಿಲ್ಲ.

ಆಗಸ್ಟಿನಲ್ಲಿ ಅವರ ದೇಶದ ದೊಡ್ಡ ಸಾಹಿತ್ಯೋತ್ಸವವನ್ನು ಲ್ಯಾಪ್‌ಟಾಪಿನಲ್ಲಿ ಇಬ್ಬರೂ ಕೂತು ನೋಡಿದೆವು. ಗೆದ್ದ ಕವಿಗೆ ಅಲ್ಲಿ ಒಂದು ಕುರ್ಚಿ ಕೊಡುತ್ತಾರೆ. ಕವಿತೆ ಯಾವುದೂ ತೂಗದಿದ್ದರೆ ಆ ವರ್ಷ ಕುರ್ಚಿ ಖಾಲಿಯೇ. "ನಮ್ಮಲ್ಲಾದರೆ ಸಮಾಧಾನಕರ ಬಹುಮಾನ ಕೊಟ್ಟು ಶಾಲು ಹೊದಿಸಿ ಕಳಿಸುತ್ತಿದ್ದೆವು" ಅಂದೆ. ಅವಳಿಗೆ ಅದು ತಮಾಷೆ ಅನ್ನಿಸಲಿಲ್ಲ. ಕೂರುವವರಿಲ್ಲದಿದ್ದರೆ ಖಾಲಿ ಇರಲಿ, ಅದೂ ಮರ್ಯಾದೆಯೇ ಅಂದಳು. ಮರಗಳು ಕೆಂಪಾಗುವ ಹೊತ್ತಿಗೆ ನನ್ನ ದನಿ ತನ್ನ ಜಾಗದಲ್ಲಿ ನಿಂತಿತು. ಅವಳ ಅಡುಗೆಮನೆಯಲ್ಲಿ ಮೊದಲ ಸಲ ಪೂರ್ತಿ ಹಾಡಿ ಮುಗಿಸಿದ ದಿನ ಅವಳು ನನ್ನ ಕೆನ್ನೆ ಹಿಡಿದು ತನ್ನ ಭಾಷೆಯಲ್ಲಿ ಏನೋ ಅಂದಳು. ನಾನು ಅರ್ಥ ಕೇಳಲಿಲ್ಲ.

ಆ ಡಿಸೆಂಬರಿನ ಬೆಳಿಗ್ಗೆ ನಾಲ್ಕಕ್ಕೆ ಎದ್ದೆ. ಧನುರ್ಮಾಸದಲ್ಲಿ ನಮ್ಮಮ್ಮ ಇದೇ ಹೊತ್ತಿಗೆ ಎಬ್ಬಿಸಿ ತಣ್ಣೀರು ಸೋಕಿಸಿ ದೇವಸ್ಥಾನಕ್ಕೆ ಎಳೆದುಕೊಂಡು ಹೋಗುತ್ತಿದ್ದಳು, ಅಲ್ಲಿ ಬಿಸಿ ಹುಗ್ಗಿ ಸಿಗುತ್ತಿತ್ತು. ಇಲ್ಲಿ ಹಿಮ ಗುಡಿಸಿ ಕಾರು ತೆಗೆದೆ. ದಾರಿಯಲ್ಲಿ ಅವಳು ಮತ್ತೊಮ್ಮೆ ಹೇಳಿದಳು. "ಅಲ್ಲಿ ಯಾರೂ ಹೆಸರು ಕರೆಯುವುದಿಲ್ಲ. ಒಂದು ಹಾಡು ಮುಗಿದರೆ ಸುಮ್ಮನೆ ಕೂತಿರುತ್ತಾರೆ. ಮನಸ್ಸು ಬಂದವರು ತಾವಾಗಿ ಏಳುತ್ತಾರೆ. ನನಗೆ ಒಬ್ಬಳೇ ಏಳೋಕಾಗಲ್ಲ, ನೀನು ಎದ್ದು ಕೈ ಕೊಡು." ಆಯಿತು ಆಯಿತು ಅಂದೆ.

ಚರ್ಚಿನಲ್ಲಿ ಮೇಣದ ಬತ್ತಿ ಹಚ್ಚಿದ್ದರು. ಒಂದು ಗುಂಪು ಎದ್ದಿತು, ಹಾಡಿತು, ಕೂತಿತು. ಆಮೇಲೆ ಮೌನ. ಇನ್ನೊಂದು ಗುಂಪು. ಮತ್ತೆ ಮೌನ. ನನ್ನ ಕಾಲು ಏಳಲಿಲ್ಲ. ಅವರವರ ಹಿರಿಯರು ಕೂತಿರುವಾಗ ಹೊರಗಿನವಳು ನಾನು ಮೊದಲು ಏಳುವುದಾ? ಪಾದ್ರಿಯಾದರೂ ಈ ಕಡೆ ನೋಡಿ ಒಂದು ಸನ್ನೆ ಮಾಡಬಾರದಾ? ಅವಳು ನನ್ನ ಕೈ ಗಟ್ಟಿಯಾಗಿ ಅದುಮಿದಳು. ಪಾಪ, ಹೆದರಿದ್ದಾಳೆ ಅಂದುಕೊಂಡು ನಾನೂ ಅದುಮಿದೆ, ನಾನಿದ್ದೀನಿ ಅಂತ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸಲ ಅದುಮಿದಳು. ನಾನು ಅವಳ ಬೆರಳು ಸವರಿದೆ. ಕೊನೆಗೆ ಬಂದ ಮೌನದಲ್ಲಿ ಯಾರೂ ಏಳಲಿಲ್ಲ. ಪಾದ್ರಿ ಎದ್ದು ಆಶೀರ್ವಾದ ಮಾಡಿದರು. ಅಷ್ಟೇ, ಮುಗಿದುಹೋಯಿತು.

ಅವಳನ್ನು ಕಾರಿನಲ್ಲಿ ಕೂರಿಸಿ, ವಾಕರ್ ಹಿಂದಕ್ಕೆ ಹಾಕಿ ಹೊರಟೆ. ಆಮೇಲೆ "ನೀನು ಏಳುತ್ತೀಯ ಅಂತ ಕಾದೆ" ಅಂದಳು.

"ನೀವು ಬಾಯಿಬಿಟ್ಟು ಹೇಳಬಹುದಿತ್ತಲ್ಲ!" ನಾನು ರೇಗಿದೆ. ತಪ್ಪು ನನ್ನದಾದಾಗ ನನಗೆ ಕೋಪ ಜಾಸ್ತಿ.

"ಹೇಳಿಸಿಕೊಂಡು ಎದ್ದರೆ ಅದು ಆ ಹಾಡಲ್ಲ."

ಮನೆಯಲ್ಲೇ ಹಾಡೋಣ ಬನ್ನಿ ಅಂತ ಗೋಗರೆದೆ. ಅಡುಗೆಮನೆಯಲ್ಲಿ ಹಾಡುವುದು ಪ್ರಾಕ್ಟೀಸು, ಮುಂದಿನ ವರ್ಷ ನೋಡೋಣ ಬಿಡು ಅಂದಳು. ತೊಂಬತ್ತರ ಹೊಸ್ತಿಲಲ್ಲಿದ್ದವಳು ನನ್ನ ಸಮಾಧಾನಕ್ಕೆ ಹೇಳಿದ ಮಾತು ಅದು. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಫೆಬ್ರವರಿ ಕೊನೆಯಲ್ಲಿ ಎದೆಗೆ ಶೀತ ಇಳಿದು ನಾಲ್ಕೇ ದಿನದಲ್ಲಿ ಹೋಗಿಬಿಟ್ಟಳು. ಮಗ ವ್ಯಾಂಕೂವರಿನಿಂದ ಬಂದ. ಫ್ಯೂನರಲ್ ಹೋಮಿನಲ್ಲಿ ಯಾರ ನಂತರ ಯಾರು ಮಾತಾಡಬೇಕು ಅಂತ ಚೀಟಿ ಅಚ್ಚು ಹಾಕಿಸಿದ್ದ. ನನ್ನ ಹೆಸರು ಅದರಲ್ಲಿರಲಿಲ್ಲ, ಇರಬೇಕಾದ ಕಾರಣವೂ ಇರಲಿಲ್ಲ. ಒಬ್ಬರು ಬೈಬಲ್ ಓದಿ ಕೂತರು. ಮುಂದಿನವರು ಕನ್ನಡಕ ಹುಡುಕುತ್ತಿದ್ದರು. ಇಡೀ ಕೋಣೆ ಸುಮ್ಮನಾಯಿತು. ನಾನು ಎದ್ದೆ.

ಅಲ್ಲಿನ ಉಸ್ತುವಾರಿ ನೋಡುವ ಕರಿ ಸೂಟಿನವನು ಚೀಟಿ ನೋಡಿಕೊಂಡು ನನ್ನ ಕಡೆ ಬರತೊಡಗಿದ. ಬಂದರೆ ಬರಲಿ, ಬಜಾರಿ ಅಂದರೆ ಅನ್ನಲಿ. ಪೆಟ್ಟಿಗೆಯ ಪಕ್ಕ ಹೋಗಿ ನಿಂತೆ. ಅವಳ ದನಿಯೂ ನನಗೆ ಬಾಯಿಪಾಠವಿತ್ತು, ತಿಂಗಳುಗಟ್ಟಲೆ ಅದಕ್ಕೇ ಅಂಟಿಕೊಂಡವಳಲ್ಲವಾ ನಾನು. ಅದನ್ನು ಹಾಡಲಿಲ್ಲ. ಕೆಳಗಿನದನ್ನೇ, ನನ್ನದನ್ನೇ, ಕೊನೆಯ ಸಾಲಿನವರೆಗೂ ಹಾಡಿದೆ. ಅವಳು ಉಸಿರು ತೆಗೆದುಕೊಳ್ಳುತ್ತಿದ್ದ ಕಡೆ ನಿಂತು ಕಾದೆ.

ಆಮೇಲೆ ಕಾಫಿ ಇಟ್ಟ ಟೇಬಲ್ಲಿನ ಹತ್ತಿರ ಮಗ ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ಕಣ್ಣು ಕೆಂಪಾಗಿತ್ತು. "ತುಂಬಾ ಚೆನ್ನಾಗಿತ್ತು. ಅದು ನಿಮ್ಮ ಇಂಡಿಯಾದ ಹಾಡಾ?" ಅಂತ ಕೇಳಿದ.