ಬಾಗಿನದಲ್ಲಿಟ್ಟ ಮನೆ

ಹೆಣ್ಣೆಂದ ಮೇಲೆ ತವರಿನ ಹಂಬಲ ಇದ್ದೇ ಇರುತ್ತದೆ ಎಂದು ನಾನು ನಂಬಿದ್ದೆ. ಅಮೆರಿಕದ ಪ್ಲೇನ್ಸ್‌ಬರೋದಲ್ಲಿ ನಮ್ಮ ಪಕ್ಕದ ಮನೆಯ ಜರ್ಮನ್ ಅಜ್ಜಿಯನ್ನು ನೋಯಿಸಿದ್ದೂ ಅದೇ ನಂಬಿಕೆಯಿಂದ.

ಎರಡನೇ ಮಹಾಯುದ್ಧ ನಡೆದಾಗ ಅಜ್ಜಿ ಐದಾರು ವರ್ಷದ ಮಗು. ತಮ್ಮ ಪುಟ್ಟ ಊರಿನ ಬಗ್ಗೆ ಹೇಳುತ್ತಿದ್ದುದು ಇಷ್ಟೇ: ಅದರ ಹೆಸರು, ಮತ್ತೆ ಚರ್ಚಿನ ಎದುರಿನ ಹಸಿರು ಬಾಗಿಲಿನ ಮನೆ. ಹೆಚ್ಚು ಕೇಳಿದರೆ ಗಿಡಗಳಿಗೆ ನೀರು ಹಾಕಲು ಏಳುತ್ತಿದ್ದರು. ಪಾಪ, ನೆನೆದರೆ ಸಂಕಟವಾಗುತ್ತದೆ ಎಂದು ನಾನೇ ತೀರ್ಮಾನಿಸಿದೆ.

ಆಫೀಸಿನ ಕೆಲಸಕ್ಕೆ ಜರ್ಮನಿಗೆ ಹೋದವಳು ಒಂದು ಶನಿವಾರ ಟ್ರೈನ್ ಹಿಡಿದು ಆ ಊರಿಗೆ ಹೋದೆ. ಬಾಗಿಲು ಈಗಲೂ ಹಸಿರೇ. ಎದುರಿನ ಕಲ್ಲುಹಾಸಿನಲ್ಲಿ ಅಂಗೈಯಗಲದ ನಾಲ್ಕು ಹಿತ್ತಾಳೆ ಬಿಲ್ಲೆಗಳು, ಹೆಸರು ಕೆತ್ತಿದವು. ನಮ್ಮ ದೇವಸ್ಥಾನದ ಮೆಟ್ಟಿಲುಗಳ ಮೇಲೆ ದಾನಿಗಳ ಹೆಸರಿರುವುದಿಲ್ಲವೇ, ಹಾಗೆ ಮನೆ ಕಟ್ಟಿಸಿದ ಹಿರಿಯರಿರಬೇಕು ಎಂದುಕೊಂಡು ಅವೂ ಕಾಣುವಂತೆ ಫೋಟೋ ತೆಗೆದೆ. ಓದುವ ಗೋಜಿಗೆ ಹೋಗಲಿಲ್ಲ.

ಗೌರಿಹಬ್ಬಕ್ಕೆ ಹೆಣ್ಣುಮಕ್ಕಳಿಗೆ ತವರಿನಿಂದ ಬಾಗಿನ ಬರಬೇಕು. ಅಜ್ಜಿಗೆ ಯಾರು ಕೊಡುತ್ತಾರೆ? ಮೊರದಲ್ಲಿ ಅಕ್ಕಿ, ಬೇಳೆ, ಬಳೆ, ತೆಂಗಿನಕಾಯಿಯ ಜೊತೆ ಆ ಫೋಟೋವನ್ನು ಫ್ರೇಮ್ ಹಾಕಿಸಿ ಇಟ್ಟೆ. ಗಂಡ ಸತ್ತವರಿಗೆ ಬಾಗಿನವೇ ಎಂದು ಅತ್ತೆ ಫೋನಿನಲ್ಲಿ ಗೊಣಗಿದರು. ಅವರ ಬಾಯಿ ಮುಚ್ಚಿಸಿ ಬೀಗಿದೆ. ಹಬ್ಬದ ದಿನ ಅಜ್ಜಿಗೆ ಬಾಗಿನ ಕೊಟ್ಟಾಗ, ಹತ್ತಿರದ ಕೆಂಡಲ್ ಪಾರ್ಕಿನಿಂದ ಬಂದಿದ್ದ ಗೆಳತಿಯರೆಲ್ಲ ಚಪ್ಪಾಳೆ ತಟ್ಟಿದರು.

ಅಜ್ಜಿ ಫೋಟೋದಲ್ಲಿದ್ದ ಹಿತ್ತಾಳೆ ಬಿಲ್ಲೆಗಳ ಮೇಲೆ ಬೆರಳಿಟ್ಟರು. ನನಗೊಬ್ಬಳಿಗೇ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದರು: "ಇದು ನಮ್ಮ ಮನೆಯಲ್ಲ, ಈ ಹೆಸರಿನವರದು. ಯಹೂದಿಗಳೆಂದು ಇವರನ್ನು ಲಾರಿಯಲ್ಲಿ ಒಯ್ದರು. ಯಾರೂ ತಿರುಗಿ ಬರಲಿಲ್ಲ. ಮರುವಾರ ಆ ಮನೆಗೆ ನಾವು ವಾಸಕ್ಕೆ ಬಂದೆವು. ಮಂಚದ ಕೆಳಗೆ ಅವರ ಮಗಳ ಗೊಂಬೆ ಇತ್ತು. ನಾನು ಅದನ್ನು..."

ಹಬ್ಬದ ದಿನ ಸಾವಿನ ಮಾತೇ ಎಂದು ಅವರನ್ನು ಅಲ್ಲಿಗೇ ತಡೆದೆ. ನೀವಾಗ ಸಣ್ಣ ಮಗು, ನಿಮ್ಮ ತಪ್ಪೇನಿದೆ ಎಂದು ಬೆನ್ನು ಸವರಿ, ಒಬ್ಬಟ್ಟಿನ ತಟ್ಟೆಯನ್ನು ಕೈಗೆ ಕೊಟ್ಟುಬಿಟ್ಟೆ. ಅವರು ತಿಂದರು, ಥ್ಯಾಂಕ್ಸ್ ಹೇಳಿದರು. ಇಡೀ ಜೀವಮಾನದಲ್ಲಿ ಒಮ್ಮೆ ಬಾಯಿಬಿಟ್ಟವರ ಬಾಯಿಗೆ ನಾನು ಸಿಹಿ ತುರುಕಿದ್ದೆ. ಇವತ್ತಿಗೂ ನಾಚಿಕೆಯಾಗುತ್ತದೆ. ಆಮೇಲೆ ಎರಡು ಮೂರು ಸಲ ನಾನೇ ಮಾತು ತೆಗೆದೆ. ಅವರು ಗಿಡಗಳಿಗೆ ನೀರು ಹಾಕಲು ಎದ್ದರು.

ಕಳೆದ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡರು. ಮನೆ ಖಾಲಿ ಮಾಡಲು ಬಂದ ಮಗಳು ಆ ಫ್ರೇಮ್ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಊರಿನ ವಿಷಯ ಅಮ್ಮ ಏನೂ ಹೇಳುತ್ತಿರಲಿಲ್ಲ, ನಿಮಗೇನಾದರೂ ಹೇಳಿದ್ದರೇ, ಇದು ಅಮ್ಮನ ಮನೆಯೇ ಎಂದು ಕೇಳಿದಳು. ಅತ್ತು ಅತ್ತು ಅವಳ ಕಣ್ಣುಗಳು ಊದಿಕೊಂಡಿದ್ದವು.

"ಹೌದು," ಎಂದುಬಿಟ್ಟೆ.

ಅದನ್ನೀಗ ಅವಳು ತನ್ನ ಮನೆಯ ಹಾಲಿನಲ್ಲಿ ತೂಗುಹಾಕಿದ್ದಾಳಂತೆ.